ಡ್ಯೂಕ್ 390 ಚೈನ್: ಕ್ಲಿಪ್ ಲಾಕ್ ಹಾಕಿಸಲೋ, ರಿವಿಟ್ ಲಾಕ್ ಹಾಕಿಸಲೋ?

ದಾವಣಗೆರೆ ರೈಡರ್:

ಎಲ್ಲರಿಗೂ ನಮಸ್ಕಾರ. ನನ್ನದು ಕೆಟಿಎಂ ಡ್ಯೂಕ್ 390 ಬೈಕ್. ಚೈನ್ ಕತೆ ಮುಗಿದಿದೆ. ಅಡ್ಜಸ್ಟರ್ ಕೊನೇ ಗೆರೆಗೆ ಬಂದು ನಿಂತಿದೆ. ಹಿಂದಿನ ಸ್ಪ್ರಾಕೆಟ್ (ಹಲ್ಲಿನ ಚಕ್ರ) ಹತ್ತಿರ ಚೈನ್ ಹಿಡಿದು ಹಿಂದಕ್ಕೆ ಎಳೆದರೆ ಅರ್ಧ ಹಲ್ಲು ಕಾಣುತ್ತದೆ. ಚಕ್ರ ತಿರುಗಿಸಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತು ಬೀಳುತ್ತದೆ. ಆನ್‌ಲೈನ್‌ನಲ್ಲಿ 520 ಎಕ್ಸ್-ರಿಂಗ್ (ಒಳಗೆ ಗ್ರೀಸ್ ಹಿಡಿದಿಡುವ ರಬ್ಬರ್ ರಿಂಗ್ ಇರುವ) ಚೈನ್ ಕಿಟ್ ತರಿಸಿದ್ದೇನೆ, ಅದರ ಜೊತೆ ರಿವಿಟ್ ಲಾಕ್ (ಚೈನ್‌ನ ಎರಡು ತುದಿ ಸೇರಿಸುವ ಕೊಂಡಿ, ಪಿನ್ ತುದಿ ಅರಳಿಸಿ ಕೂರಿಸುವಂಥದ್ದು) ಬಂದಿದೆ.

ತೊಂದರೆ ಏನಂದ್ರೆ ನಮ್ಮ ಏರಿಯಾ ಗ್ಯಾರೇಜಿನವರ ಹತ್ತಿರ ರಿವಿಟ್ ಟೂಲ್ ಇಲ್ಲ. "ಸುತ್ತಿಗೆ, ಪಂಚ್ ಇಟ್ಟು ಹೊಡೆದು ಕೊಡ್ತೀನಿ, ಭಯ ಆದ್ರೆ ಕ್ಲಿಪ್ ಲಾಕ್ ತಗೊಂಬನ್ನಿ, ಐದು ನಿಮಿಷದ ಕೆಲಸ" ಅಂದರು. ಅಂಗಡಿಯಲ್ಲಿ 520 ಕ್ಲಿಪ್ ಲಾಕ್ (ಪಿನ್ ಮೇಲೆ ಕ್ಲಿಪ್ ಸಿಕ್ಕಿಸಿ ಹಿಡಿಸುವ ಕೊಂಡಿ) ಸಿಕ್ಕಿತು, ಆದರೆ ಅದು ಬೇರೆ ಕಂಪನಿಯದು. ನಾನು ವಾರಾಂತ್ಯದಲ್ಲಿ ಚಾರ್ಮಾಡಿ, ಆಗುಂಬೆ ಕಡೆ ಹೋಗುವವನು, ಹೈವೇಯಲ್ಲಿ ಸ್ವಲ್ಪ ಜೋರಾಗಿಯೇ ಓಡಿಸುತ್ತೇನೆ.

390ಗೆ ಕ್ಲಿಪ್ ಲಾಕ್ ನಡೆಯುತ್ತಾ? ಬೇರೆ ಕಂಪನಿ ಲಾಕ್ ಹಾಕಬಹುದಾ? ಸುತ್ತಿಗೆಯಲ್ಲಿ ಹೊಡೆಸಿದರೆ ಏನಾಗುತ್ತದೆ? ನಾನೇ ಮನೆಯಲ್ಲಿ ಹಾಕಿಕೊಳ್ಳಬಹುದು ಅಂದರೆ ಅದಕ್ಕೂ ರೆಡಿ.

---

ಘಟ್ಟದ ಹಾದಿ:

ಬ್ರೋ, ಮೊದಲು ಆ ಬೇರೆ ಕಂಪನಿ ಲಾಕ್ ವಾಪಸ್ ಕೊಡಿ.

520 ಅನ್ನೋ ನಂಬರ್ ಬರೀ ಪಿಚ್ ಮತ್ತು ಒಳಗಿನ ಅಗಲ ಹೇಳುತ್ತದೆ ಅಷ್ಟೇ. ಮೊದಲನೇ 5 ಅಂದರೆ ಪಿನ್ನಿಂದ ಪಿನ್ನಿಗೆ 5/8 ಇಂಚು, ಅಂದರೆ 15.875 ಮಿ.ಮೀ. ಕೊನೆಯ 20 ಅಂದರೆ ಒಳ ಅಗಲ ಕಾಲು ಇಂಚು, 6.35 ಮಿ.ಮೀ. ಇಷ್ಟು ಸರಿ ಇದ್ದರೆ ಚೈನ್ ನಿಮ್ಮ ಸ್ಪ್ರಾಕೆಟ್ ಮೇಲೆ ಕೂರುತ್ತದೆ. ಆದರೆ ಪಿನ್ ಎಷ್ಟು ದಪ್ಪ, ಎಷ್ಟು ಉದ್ದ, ಪ್ಲೇಟ್ ಎಷ್ಟು ದಪ್ಪ, ರಿಂಗ್ ಎಷ್ಟು ದಪ್ಪ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಒಂದೇ ಕಂಪನಿಯಲ್ಲೂ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಪಿನ್ ಒಂಚೂರು ಸಣ್ಣ ಆದರೂ ಬುಷ್ (ಪಿನ್ ಕೂರುವ ಕೊಳವೆ) ಒಳಗೆ ಆಟ ಬರುತ್ತದೆ, ಆ ಒಂದು ಕೊಂಡಿ ಮಾತ್ರ ಬೇಗ ಸವೆಯುತ್ತದೆ. ಪಿನ್ ಉದ್ದ ಜಾಸ್ತಿ ಆದರೆ ರಿಂಗ್ ಸರಿಯಾಗಿ ಒತ್ತುವುದಿಲ್ಲ, ಒಳಗಿನ ಗ್ರೀಸ್ ಹೊರಗೆ, ಹೊರಗಿನ ಮಣ್ಣು ಒಳಗೆ. ಹೊಸ ಚೈನ್‌ಗೆ ಅಷ್ಟು ದುಡ್ಡು ಕೊಟ್ಟು ಒಂದು ಲಾಕ್‌ನಿಂದ ಹಾಳು ಮಾಡಿಕೊಳ್ಳೋದು ಬೇಡ.

ಚೈನ್‌ನ ಬದಿಯ ಪ್ಲೇಟ್ ಮೇಲೆ ಮಾಡೆಲ್ ಹೆಸರು ಅಚ್ಚಾಗಿರುತ್ತದೆ. ಲಾಕ್ ಪ್ಯಾಕೆಟ್ ಮೇಲೂ ಅದೇ ಇರಬೇಕು. ಡಿ.ಐ.ಡಿ. ಚೈನ್ ಆದರೆ ಪ್ಯಾಕೆಟ್ ಮೇಲೆ ಎಫ್‌ಜೆ ಅಂದರೆ ಪ್ಲೇಟ್ ಒತ್ತಿ ಕೂರಿಸುವ ಕ್ಲಿಪ್ ಲಾಕ್, ಜೆಡ್‌ಜೆ ಅಂದರೆ ರಿವಿಟ್ ಲಾಕ್, ಆರ್‌ಜೆ ಅಂದರೆ ಪ್ಲೇಟ್ ಕೈಯಲ್ಲೇ ಜಾರಿ ಕೂರುವ ಕ್ಲಿಪ್ ಲಾಕ್. ಬೇರೆ ಕಂಪನಿಗಳಿಗೆ ಬೇರೆ ಕೋಡ್ ಇರುತ್ತದೆ.

ಕಿಟ್ ಜೊತೆ ರಿವಿಟ್ ಲಾಕ್ ಬಂದಿದೆ ಅಂದ್ರೆ ರಿವಿಟ್ಟೇ ಹಾಕಿ. 390ಗೆ ನನ್ನ ವೋಟು ಅದಕ್ಕೇ.

---

ಹಳೇ ಗಾಡಿ:

ಅಣ್ಣ, ಕ್ಲಿಪ್ ಲಾಕ್ ಅಂದ ತಕ್ಷಣ ಎಲ್ಲರೂ ಹೆದರಿಸುತ್ತಾರೆ, ಅದು ಸರಿ ಅಲ್ಲ. ನಮ್ಮ ದೇಶದಲ್ಲಿ ಸ್ಪ್ಲೆಂಡರ್ ತರದ ಗಾಡಿಗಳು 428 ಚೈನ್‌ನಲ್ಲಿ ಕ್ಲಿಪ್ ಲಾಕ್ ಹಾಕಿಕೊಂಡೇ ಹಾಲಿನ ಕ್ಯಾನ್, ಗೊಬ್ಬರದ ಮೂಟೆ ಎಲ್ಲಾ ಹೊತ್ತು ಓಡುತ್ತಿವೆ. ಮೋಟೋಕ್ರಾಸ್ ಗಾಡಿಗಳಲ್ಲೂ ಕ್ಲಿಪ್ಪೇ ಜಾಸ್ತಿ, ಯಾಕಂದ್ರೆ ಅವರು ಪದೇ ಪದೇ ಚೈನ್ ಬಿಚ್ಚುತ್ತಾರೆ. ಕ್ಲಿಪ್ ಬಿದ್ದುಹೋಯಿತು ಅಂತ ಬರುವ ಗಾಡಿಗಳಲ್ಲಿ ಬಹುಪಾಲು ತಪ್ಪಾಗಿ ಹಾಕಿದ್ದವು.

ಕ್ಲಿಪ್‌ಗೆ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತುದಿ ಸೀಳಿರುತ್ತದೆ. ಚೈನ್ ಓಡುವ ದಿಕ್ಕಿಗೆ ಮುಚ್ಚಿದ ತುದಿ ಇರಬೇಕು. ಲಾಕ್ ಮೇಲಿನ ಸಾಲಿನಲ್ಲಿದ್ದಾಗ ಚೈನ್ ಮುಂದಕ್ಕೆ, ಎಂಜಿನ್ ಕಡೆಗೆ ಓಡುತ್ತದೆ. ಹಾಗಾಗಿ ಮುಚ್ಚಿದ ತುದಿ ಎಂಜಿನ್ ಕಡೆ. ಅದೇ ಲಾಕ್ ಕೆಳಗಿನ ಸಾಲಿಗೆ ಬಂದಾಗ ಮುಚ್ಚಿದ ತುದಿ ಹಿಂದಿನ ಚಕ್ರದ ಕಡೆ ಕಾಣುತ್ತದೆ, ನೋಡಿ ಗಾಬರಿ ಆಗಬೇಡಿ. ಉಲ್ಟಾ ಹಾಕಿದರೆ ಕಲ್ಲೋ ಕಡ್ಡಿಯೋ ಚೈನ್ ಕವರ್ರೋ ತಾಗಿದಾಗ ಸೀಳಿದ ಬಾಯಿಗೇ ಪೆಟ್ಟು ಬಿದ್ದು ಕ್ಲಿಪ್ ಹಿಂದಕ್ಕೆ ಜಾರಿ ಹೋಗುತ್ತದೆ.

ಹಾಕುವಾಗ ಸ್ಕ್ರೂಡ್ರೈವರ್‌ನಲ್ಲಿ ಕಾಲು ಅಗಲಿಸಿ ಕೂರಿಸುವವರನ್ನು ನೋಡಿದ್ದೇನೆ. ಹಾಗೆ ಒಮ್ಮೆ ಅಗಲಿಸಿದ ಕ್ಲಿಪ್‌ನಲ್ಲಿ ಹಿಡಿತ ಇರುವುದಿಲ್ಲ. ಕ್ಲಿಪ್‌ನ ಮುಚ್ಚಿದ ತುದಿಯನ್ನು ಒಂದು ಪಿನ್ನಿನ ಗ್ರೂವ್‌ಗೆ (ಸುತ್ತ ಕೊರೆದ ಗೆರೆಗೆ) ಇಟ್ಟು, ಸೀಳಿದ ಕಡೆಯನ್ನು ಇನ್ನೊಂದು ಪಿನ್ನಿಗೆ ನೇರ ಮಾಡಿ, ನೋಸ್ ಪ್ಲೇಯರ್‌ನ ಒಂದು ದವಡೆ ಆ ಪಿನ್ನಿಗೆ, ಇನ್ನೊಂದು ಕ್ಲಿಪ್‌ನ ಮುಚ್ಚಿದ ತುದಿಗೆ ಕೊಟ್ಟು ಒತ್ತಬೇಕು. ಟಕ್ ಅಂತ ಶಬ್ದ ಬರುತ್ತದೆ. ಆಮೇಲೆ ಉಗುರಿನಲ್ಲಿ ಅಲ್ಲಾಡಿಸಿ ನೋಡಿ, ಪ್ಲೇಟ್‌ಗೆ ಅಂಟಿಕೊಂಡು ಸಪಾಟಾಗಿ ಕೂತಿರಬೇಕು.

ಇಷ್ಟು ಹೇಳಿದರೂ, ನಿಮ್ಮ ಗಾಡಿ ಮತ್ತು ನಿಮ್ಮ ಓಟಕ್ಕೆ ನಾನೂ ರಿವಿಟ್ ಅಂತಲೇ ಹೇಳುತ್ತೇನೆ. ಕ್ಲಿಪ್ ಲಾಕ್ ಒಂದನ್ನು, ಅದೇ ಕಂಪನಿಯದು, ಸೀಟಿನ ಕೆಳಗೆ ಇಟ್ಟುಕೊಳ್ಳಿ. ಘಟ್ಟದ ಮಧ್ಯ ಚೈನ್ ಕೈ ಕೊಟ್ಟರೆ ಮನೆ ಸೇರಿಸುತ್ತದೆ.

---

ಮಂಡ್ಯ ಮೆಕ್ಯಾನಿಕ್:

ಸುತ್ತಿಗೆ ವಿಷಯ ಯಾರೂ ಸರಿಯಾಗಿ ಹೇಳಿಲ್ಲ, ಅದು ಮುಖ್ಯ. ರಿವಿಟ್ ಲಾಕ್‌ನ ಪಿನ್ ತುದಿ ಟೊಳ್ಳು. ಟೂಲ್‌ನ ಮೊನೆ ಆ ಟೊಳ್ಳಿನೊಳಗೆ ಹೋಗಿ ಅಂಚನ್ನು ಸುತ್ತಲೂ ಒಂದೇ ಸಮ ಅರಳಿಸಬೇಕು. ಸುತ್ತಿಗೆಯಲ್ಲಿ ಹೊಡೆದರೆ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಅರಳುತ್ತದೆ, ಅಂಚು ಸೀಳುತ್ತದೆ, ಹಿಂದೆ ಸರಿಯಾದ ಆಧಾರ ಇಲ್ಲದಿದ್ದರೆ ಪಿನ್ ಓರೆ ಆಗುತ್ತದೆ. ನೋಡಲು ಗಟ್ಟಿಯಾಗೇ ಕಾಣುತ್ತದೆ. ಚೈನ್ ತುಂಡಾದರೆ ಅದು ಮುಂದಿನ ಸ್ಪ್ರಾಕೆಟ್ ಹತ್ತಿರ ಗುಡ್ಡೆ ಬಿದ್ದು ಎಂಜಿನ್ ಕೇಸಿಂಗ್ ಒಡೆಯಬಹುದು, ಹಿಂದಿನ ಚಕ್ರ ಜಾಮ್ ಆಗಬಹುದು. ಇಳಿಜಾರಿನ ತಿರುವಿನಲ್ಲಿ ಹಾಗಾದರೆ ಏನು ಗತಿ, ನೀವೇ ಯೋಚನೆ ಮಾಡಿ. ಹಾಗಾಗಿ ಸುತ್ತಿಗೆ ಬೇಡವೇ ಬೇಡ.

ಚೈನ್ ಕತ್ತರಿಸಿ, ಪ್ಲೇಟ್ ಒತ್ತಿ, ರಿವಿಟ್ ಮಾಡುವ ಮೂರೂ ಕೆಲಸಕ್ಕೆ ಒಂದೇ ಟೂಲ್ ಕಿಟ್ ಸಿಗುತ್ತದೆ. ಬೆಂಗಳೂರಿಗೆ ಬಂದರೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಇಲ್ಲಾಂದ್ರೆ ಆನ್‌ಲೈನ್. ಜೊತೆಗೆ ಒಂದು ವರ್ನಿಯರ್ (ಮಿ.ಮೀ.ನ ಭಾಗವನ್ನೂ ಅಳೆಯುವ ಅಳತೆ ಸಾಧನ) ಬೇಕೇ ಬೇಕು. ಅಳತೆ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಹಳೇ ಚೈನ್ ಇರುವಾಗಲೇ ಹಿಂದಿನ ಬ್ರೇಕ್ ಒತ್ತಿಸಿ ಮುಂದಿನ ಸ್ಪ್ರಾಕೆಟ್ ಸಡಿಲ ಮಾಡಿಕೊಳ್ಳಿ. ಚೈನ್ ತೆಗೆದ ಮೇಲೆ ಅದನ್ನು ಹಿಡಿದಿಡಲು ಏನೂ ಇರುವುದಿಲ್ಲ. ಹಳೇ ಚೈನ್ ಕತ್ತರಿಸುವಾಗ ಪಿನ್ನಿನ ಅರಳಿದ ತಲೆಯನ್ನು ಮೊದಲು ಗ್ರೈಂಡರ್‌ನಲ್ಲಿ ಪ್ಲೇಟ್ ಮಟ್ಟಕ್ಕೆ ಉಜ್ಜಿ, ಆಮೇಲೆ ಟೂಲ್‌ನಲ್ಲಿ ಪಿನ್ ತಳ್ಳಿ. ಉಜ್ಜದೆ ತಳ್ಳಿದರೆ ಟೂಲ್‌ನ ಮೊನೆಯೇ ಮುರಿಯುತ್ತದೆ. ಕಿಡಿ ಟೈರ್ ಕಡೆ, ಪೆಟ್ರೋಲ್ ಕಡೆ ಹಾರದಂತೆ ನೋಡಿಕೊಳ್ಳಿ.

ಹೊಸ ಚೈನ್ ಉದ್ದ ಜಾಸ್ತಿ ಇದ್ದರೆ ಹಳೇದರ ಪಕ್ಕದಲ್ಲಿ ಮಲಗಿಸಿ ಅಳೆಯಬೇಡಿ. ಹಳೇದು ಸವೆದು ಉದ್ದ ಆಗಿರುತ್ತದೆ. ಕೊಂಡಿ ಎಣಿಸಿ.

ಇನ್ನು ಲಾಕ್. ಚೈನ್‌ನ ಎರಡು ತುದಿ ಹಿಂದಿನ ಸ್ಪ್ರಾಕೆಟ್ ಮೇಲೆ ತಂದಿಡಿ, ಹಲ್ಲುಗಳೇ ಹಿಡಿದುಕೊಳ್ಳುತ್ತವೆ. ಪ್ಯಾಕೆಟ್‌ನಲ್ಲಿ ನಾಲ್ಕು ರಿಂಗ್, ಒಂದು ಪುಟ್ಟ ಗ್ರೀಸ್ ಪೊಟ್ಟಣ ಇರುತ್ತದೆ. ಆ ಗ್ರೀಸನ್ನು ಎರಡು ಪಿನ್ನಿಗೂ ರಿಂಗ್‌ಗಳಿಗೂ ಧಾರಾಳವಾಗಿ ಸವರಿ. ಈ ಕೊಂಡಿಗೆ ಮುಂದೆ ಅದು ಬಿಟ್ಟರೆ ಬೇರೆ ಗ್ರೀಸ್ ಸಿಗುವುದಿಲ್ಲ, ಹೊರಗಿಂದ ಹೊಡೆಯುವ ಸ್ಪ್ರೇ ರಿಂಗ್ ದಾಟಿ ಒಳಗೆ ಹೋಗಲ್ಲ. ಎರಡು ರಿಂಗ್ ಪಿನ್ನಿಗೆ ಹಾಕಿ, ಲಾಕನ್ನು ಒಳಗಡೆಯಿಂದ ಹೊರಗಡೆಗೆ ತೂರಿಸಿ, ಉಳಿದ ಎರಡು ರಿಂಗ್ ಹಾಕಿ, ಕೊನೆಗೆ ಪ್ಲೇಟ್. ಅಕ್ಷರ ಇರುವ ಮುಖ ಹೊರಗೆ.

ಪ್ಲೇಟ್ ಒತ್ತುವಾಗ ಅವಸರ ಬೇಡ. ಸ್ವಲ್ಪ ಒತ್ತಿ, ನಿಲ್ಲಿಸಿ, ಪಕ್ಕದ ಕೊಂಡಿಯ ಹೊರ ಪ್ಲೇಟ್‌ನಿಂದ ಹೊರ ಪ್ಲೇಟ್‌ಗೆ ವರ್ನಿಯರ್ ಇಟ್ಟು ಅಳತೆ ತಗೊಳ್ಳಿ, ಲಾಕ್‌ನ ಅಳತೆಯೂ ಅಷ್ಟೇ ಬರಬೇಕು. ಜಾಸ್ತಿ ಒತ್ತಿದರೆ ರಿಂಗ್ ಜಜ್ಜಿ ಹೋಗುತ್ತದೆ, ಆ ಕೊಂಡಿ ಮಡಚಲು ಬಿಗಿ ಆಗುತ್ತದೆ. ರಿಂಗ್ ಎಲ್ಲಾದರೂ ಹೊರಗೆ ಇಣುಕಿದೆಯಾ ಅಂತ ಟಾರ್ಚ್ ಬಿಟ್ಟು ಸುತ್ತಲೂ ನೋಡಿ.

ಆಮೇಲೆ ರಿವಿಟ್. ಒಂದು ಪಿನ್ ಸ್ವಲ್ಪ, ಅಳತೆ, ಮತ್ತೆ ಸ್ವಲ್ಪ. ಡಿ.ಐ.ಡಿ. 520 ರಿವಿಟ್ ಲಾಕ್‌ಗೆ ಅರಳಿದ ತುದಿ 5.5ರಿಂದ 5.8 ಮಿ.ಮೀ. ಒಳಗೆ ಇರಬೇಕು. ಅರಳಿಸುವ ಮುಂಚೆ ಪಿನ್ 5 ಮಿ.ಮೀ.ಗಿಂತ ಒಂಚೂರು ಜಾಸ್ತಿ ಇರುತ್ತದೆ ಅಷ್ಟೇ, ಅಂದರೆ ನೀವು ಅರಳಿಸುವುದು ಅರ್ಧ ಮಿ.ಮೀ. ಆಸುಪಾಸು. ಕಣ್ಣಲ್ಲಿ ಅಂದಾಜು ಮಾಡುವ ಅಳತೆ ಅಲ್ಲ ಇದು. ನಿಮ್ಮ ಚೈನ್ ಬೇರೆ ಕಂಪನಿಯದಾದರೆ ಅವರ ಹಾಳೆಯಲ್ಲಿರುವ ಅಳತೆ ನೋಡಿ. ಒಂದೇ ಪಿನ್ನನ್ನು ಅಡ್ಡ ಒಂದು ಸಲ, ಉದ್ದ ಒಂದು ಸಲ ಅಳೆಯಿರಿ. ಅಂಚಿನಲ್ಲಿ ಕೂದಲಿನಷ್ಟು ಬಿರುಕು ಕಂಡರೂ ಆ ಲಾಕ್ ಬಿಸಾಕಿ, ಹೊಸದು ಹಾಕಿ. ಒಮ್ಮೆ ಬಿಚ್ಚಿದ ರಿವಿಟ್ ಲಾಕ್ ಮತ್ತೆ ಹಾಕುವ ಮಾತೇ ಇಲ್ಲ.

---

ದಾವಣಗೆರೆ ರೈಡರ್:

ಮೆಕ್ಯಾನಿಕ್ ಅಣ್ಣ, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಲಾಕ್ ವಾಪಸ್ ಕೊಟ್ಟೆ, ಟೂಲ್ ಆರ್ಡರ್ ಮಾಡಿದೆ. ಸರ್ವಿಸ್ ಸೆಂಟರಿನಲ್ಲೂ ಕೇಳಿದೆ, ಅವರು ಲಾಕ್ ಇಲ್ಲದ ಎಂಡ್‌ಲೆಸ್ ಚೈನ್ ಹಾಕಿ ಅಂತಾರೆ. ಅದು ಇನ್ನೂ ಒಳ್ಳೇದಾ? ಮತ್ತೆ ಕ್ಲಿಪ್ಪೂ ಬೇಡ, ರಿವಿಟ್ಟೂ ಬೇಡ ಅನ್ನುವವರಿಗೆ ಸ್ಕ್ರೂ ಲಾಕ್ ಅಂತ ಒಂದು ಇದೆಯಂತೆ, ಯಾರಾದರೂ ನೋಡಿದ್ದೀರಾ?

---

ಘಟ್ಟದ ಹಾದಿ:

ಎಂಡ್‌ಲೆಸ್ ಒಳ್ಳೇದೇ. ಎಲ್ಲಾ ಕೊಂಡಿಯೂ ಫ್ಯಾಕ್ಟರಿಯಲ್ಲೇ ಒತ್ತಿದ್ದು. ಆದರೆ ಚೈನ್ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಸುತ್ತ ಬರುವುದರಿಂದ ಹಾಕಲು ಸ್ವಿಂಗ್‌ಆರ್ಮ್ ಬಿಚ್ಚಬೇಕು. ಬೇರಿಂಗ್ ಗ್ರೀಸ್ ಮಾಡಿಸುವ ಸಮಯ ಬಂದಿದ್ದರೆ ಜೊತೆಗೇ ಮಾಡಿಸಬಹುದು. ಇಲ್ಲಾಂದ್ರೆ ಸುಮ್ನೆ ಲೇಬರ್ ಖರ್ಚು, ಸರಿಯಾಗಿ ಹಾಕಿದ ರಿವಿಟ್ ಲಾಕ್ ಸಾಕು. ಹೇಗೂ ನಿಮ್ಮ ಕೈಯಲ್ಲಿ ಚೈನ್ ಇದೆಯಲ್ಲ.

ಸ್ಕ್ರೂ ಲಾಕ್ ಇ.ಕೆ. ಅನ್ನೋ ಜಪಾನ್ ಕಂಪನಿಯದು. ಪಿನ್ ಉದ್ದ ಇದ್ದು ಥ್ರೆಡ್ ಇರುತ್ತದೆ, ನಟ್ ಬಿಗಿ ಮಾಡುತ್ತಾ ಹೋದರೆ ಅದೇ ಪ್ಲೇಟನ್ನು ಒತ್ತುತ್ತದೆ, ಆಮೇಲೆ ಉಳಿದ ತುದಿ ಮುರಿದು ತೆಗೆಯುವುದು. ಪ್ರೆಸ್ ಟೂಲ್ ಬೇಕಿಲ್ಲ. ಆದರೆ ಅದು ಅವರ ಚೈನ್‌ಗೇ, ನಿಮ್ಮದಕ್ಕೆ ಹಾಕಬೇಡಿ.

---

ಕೆರೆ ಏರಿ:

ಮಧ್ಯ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಅಪ್ಪನ ಸ್ಪ್ಲೆಂಡರ್‌ಗೆ ಲಾಕ್ ತರಲು ಹೋದರೆ ಅಂಗಡಿಯವರು 428 ಬೇಕಾ, 428ಎಚ್ ಬೇಕಾ ಅಂತ ಕೇಳಿದರು. ಎರಡೂ ಒಂದೇ ಅಲ್ವಾ?

---

ಮಂಡ್ಯ ಮೆಕ್ಯಾನಿಕ್:

ಒಂದೇ ಅಲ್ಲ. ಪಿಚ್ ಒಂದೇ, 12.7 ಮಿ.ಮೀ., ಒಳ ಅಗಲವೂ ಒಂದೇ. ಎಚ್ ಅಂದರೆ ಪ್ಲೇಟ್ ದಪ್ಪ, ಸಾದಾದ್ದಕ್ಕೆ 1.5 ಮಿ.ಮೀ. ಇದ್ದರೆ ಎಚ್‌ಗೆ 2 ಮಿ.ಮೀ. ಸಾದಾ ಲಾಕನ್ನು ಎಚ್ ಚೈನ್‌ಗೆ ಹಾಕಿದರೆ ಪಿನ್ ಉದ್ದ ಸಾಲುವುದಿಲ್ಲ, ಕ್ಲಿಪ್ ಕೂರುವ ಗ್ರೂವ್ ಪೂರ್ತಿ ಹೊರಗೆ ಬರುವುದಿಲ್ಲ, ಕ್ಲಿಪ್ ಅರ್ಧಂಬರ್ಧ ಕೂರುತ್ತದೆ. ತದ್ವಿರುದ್ಧ ಮಾಡಿದರೆ ಪ್ಲೇಟ್ ಅತ್ತಿತ್ತ ಆಡುತ್ತದೆ. ಚೈನ್ ಪ್ಲೇಟ್ ಒರೆಸಿ ಅಚ್ಚು ಓದಿ, ಅದರ ಪ್ರಕಾರ ತಗೊಳ್ಳಿ. ಹಳೇ ಕ್ಲಿಪ್ ಮಾತ್ರ ಮತ್ತೆ ಹಾಕಬೇಡಿ, ಪೂರ್ತಿ ಲಾಕೇ ಹೊಸದು ತಗೊಳ್ಳಿ, ಅದೇನು ದೊಡ್ಡ ದುಡ್ಡಲ್ಲ.

ದಾವಣಗೆರೆಯವರೇ, ನಿಮಗೆ ಇನ್ನೊಂದು ಮಾತು. ರಿವಿಟ್ ಆದ ಮೇಲೆ ಲಾಕನ್ನು ಕೈಯಲ್ಲಿ ಮಡಚಿ ನೋಡಿ, ಪಕ್ಕದ ಕೊಂಡಿಯಷ್ಟೇ ಸಲೀಸಾಗಿ ಮಡಚಬೇಕು. ಸ್ಲಾಕ್ (ಚೈನ್‌ನ ಸಡಿಲ) ಎಷ್ಟು ಅಂತ ನಿಮ್ಮ ಮ್ಯಾನ್ಯುವಲ್‌ನಲ್ಲಿ ಇದೆ, ಅದನ್ನೇ ಇಡಿ, ಜಾಸ್ತಿ ಬಿಗಿ ಮಾಡಿದರೆ ಲಾಕ್‌ಗೂ ಗೇರ್‌ಬಾಕ್ಸ್ ಬೇರಿಂಗ್‌ಗೂ ಏಟು. ಲಾಕ್ ಪ್ಲೇಟ್ ಮೇಲೆ ಪೇಂಟ್‌ನಲ್ಲಿ ಒಂದು ಚುಕ್ಕಿ ಇಡಿ, ಹುಡುಕಲು ಸುಲಭ. ಊರೊಳಗೆ ಒಂದು ಸುತ್ತು ಓಡಿಸಿ ಬಂದು ಎರಡು ಪಿನ್ನೂ ಮತ್ತೆ ನೋಡಿ, ಆಮೇಲೆ ಚೈನ್ ತೊಳೆದಾಗಲೆಲ್ಲಾ ಆ ಚುಕ್ಕಿ ಹತ್ತಿರ ಒಂದು ಸಲ ಕಣ್ಣು ಹಾಯಿಸಿದರೆ ಆಯಿತು. ತೊಳೆಯಲು ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಸಾಕು, ಪೆಟ್ರೋಲ್ ಬೇಡ, ರಿಂಗ್ ಹಾಳಾಗುತ್ತದೆ.