ಅಪ್‌ಡೇಟ್: ಕುಲಾವಿ ಅಂಚು ಈಗ ಜಗ್ಗತೈತಿ

ಅಕ್ಕನ ಕೂಸಿಗೆ ಕ್ರೋಶಾ ಕಡ್ಡಿಲೆ (ತುದಿಗೆ ಕೊಕ್ಕಿ ಇರೋ ಕಡ್ಡಿ) ಹೆಣೆದ ಕುಲಾವಿ ಅಂಚು ಹಣಿಗೆ ಬಿಗೀತೈತಿ, ಸುರುವಿನ ಚೈನ್ (ಒಂದರಾಗೊಂದು ಹೆಣೆದ ಕುಣಿಕಿ ಸಾಲು) ಎಷ್ಟು ಸಡಿಲ ಹಾಕಿದ್ರೂ ಜಗ್ಗಂಗಿಲ್ಲ, ಏನ್ ಮಾಡ್ಲಿ ಅಂತ ಕೇಳಿದ್ದೆ. ಚೈನ್ ಬಿಟ್ಟು ಫೌಂಡೇಶನ್ ಸಿಂಗಲ್ ಕ್ರೋಶಾ ಕಲೀರಿ ಅಂದ್ರಿ. ಕಲ್ತೆ! ಧಾರವಾಡದ ಜಿಟಿಜಿಟಿ ಮಳ್ಯಾಗ ಮನಿ ಬಿಟ್ಟು ಹೋಗೋದರ ಎಲ್ಲಿಗೆ.

ಇದರಾಗ ಚೈನ್ ಮತ್ತ ಮೊದಲನೇ ಸಾಲು ಒಟ್ಟಿಗೇ ಬೆಳೀತಾವ. ಎರಡು ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನಿನಾಗ ತೂರಿಸಿ ದಾರ ಎಳ್ಕೋಬೇಕು. ಆಮ್ಯಾಲ ದಾರ ಸುತ್ತಿ ಒಂದೇ ಕುಣಿಕ್ಯಾಗಿಂದ ತಗದ್ರ ಅದು ಬುಡದ ಚೈನ್. ಮತ್ತ ಸುತ್ತಿ ಎರಡೂ ಕುಣಿಕ್ಯಾಗಿಂದ ತಗದ್ರ ಸ್ಟಿಚ್ ಮುಗೀತು. ಮುಂದಿನ ಸ್ಟಿಚ್ಚಿಗೆ ಆ ಬುಡದ ಚೈನಿನ ಎರಡೂ ಎಳಿ ಕೆಳಗ ಕಡ್ಡಿ ಹೋಗಬೇಕು. ಆ ಜಾಗಾನ ಕಣ್ಣಿಗೆ ಬೀಳಂಗಿಲ್ಲ ನೋಡ್ರಿ. ನಿಮ್ಮಾಗ ಒಬ್ರು ಹೇಳಿದಂಗ ಅಲ್ಲೇ ಒಂದು ಪಿನ್ ಸಿಗಿಸಿ, ಪ್ರತಿ ಸ್ಟಿಚ್ಚಿಗೂ ಮುಂದ ಸರಿಸ್ಕೋತ ಹೋದೆ. ಬುಡದ ಕುಣಿಕಿ ತುಸು ಉದ್ದ ಎಳದ್ರ ಅಂಚು ಇನ್ನೂ ಮೆತ್ತಗ ಬರತೈತಿ. ಕಪ್ಪು ಉಲನ್‌ನಾಗ ಮಾತ್ರ ಕಲಿಯಾಕ ಹೋಗಬ್ಯಾಡ್ರಿ, ದೇವರಾಣಿ ಏನೂ ಕಾಣಂಗಿಲ್ಲ.

ಮೊದಲನೇ ಸಾಲು ಹಾವಿನಂಗ ಸುತ್ಕೊಂಡಿತ್ತು, ಎರಡನೇ ಸಾಲು ಹಾಕಿದ ಮ್ಯಾಲ ನೆಟ್ಟಗಾತು. ಕುಲಾವಿ ಈಗ ಸಲೀಸ ತಲಿಗೆ ಹೊಕ್ಕತೈತಿ, ಹಣಿ ಮ್ಯಾಲ ಗೆರಿ ಇಲ್ಲ. ಸ್ವೆಟರ್ ಕುತ್ತಿಗಿನೂ ಹಿಂಗ ಸುರು ಮಾಡೀನಿ. ಬಾಗಿಲ ತೋರಣಕ್ಕ ಮಾತ್ರ ಹಳೇ ಚೈನೇ ಇರಲಿ, ಅದು ಜಗ್ಗಿದ್ರ ಜೋತು ಬೀಳತೈತಿ.