ಕ್ರಾಸ್ ‘ತಿಂದೈತಿ’ ಅಂದರೆ ತಿಂದವರು ಯಾರು?

ಬಳಗದ ಎಲ್ಲರಿಗೂ ನಮಸ್ಕಾರ.

ಹೋದ ಶನಿವಾರ ರಾತ್ರಿ ಅಣ್ಣ ಫೋನ್ ಮಾಡಿದ. ಗಾಡಿ ಸದ್ದಿನ ನಡುವೆ ಕೇಳಿಸಿದ್ದು ಇಷ್ಟು: "ಕುಡತಿನಿ ಕ್ರಾಸಿನಾಗ ಅದೀನಿ... ಕ್ರಾಸ್ ತಿಂದೈತಿ... ಮೆಲ್ಲಕ ಬರ್ತೀನಿ." ನನ್ನ ಕಿವಿಗೆ ಬಿದ್ದದ್ದು ಕ್ರಾಸು, ತಿನ್ನೋದು, ಮೆಲ್ಲಗೆ ಬರೋದು. ಢಾಬಾದಲ್ಲಿ ಊಟ ಮುಗಿಸಿ ಬರ್ತಾನೆ ಅಂದುಕೊಂಡು, ಅವನಿಗೆ ರೊಟ್ಟಿ ಎತ್ತಿಡಬೇಡಿ ಅಂತ ಮನೆಯಲ್ಲಿ ಹೇಳಿಬಿಟ್ಟೆ. ಹನ್ನೊಂದು ಗಂಟೆಗೆ ಬಳ್ಳಾರಿ ಮುಟ್ಟಿದ ಅಣ್ಣ ಹಸಿದಿದ್ದ. ತಿಂದದ್ದು ಅವನಲ್ಲ. ಅವನ ಲಾರಿಯ ಯೂನಿವರ್ಸಲ್ ಜಾಯಿಂಟಿನ ಕ್ರಾಸು.

ಆ ರಾತ್ರಿಯ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ‘ತಿಂದೈತಿ’ ಎನ್ನುವ ಮಾತು ತಲೆಯಲ್ಲಿ ಉಳಿದುಬಿಟ್ಟಿದೆ. ಅದನ್ನೇ ಕೇಳೋಣ ಅಂತ ಬರೆಯುತ್ತಿದ್ದೇನೆ.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಗೇರ್ ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ, ಅಂದರೆ ಹಿಂದಿನ ಚಕ್ರಗಳ ಅಚ್ಚಿರುವ ಪೆಟ್ಟಿಗೆಗೆ, ಒಂದು ಉದ್ದನೆಯ ಶಾಫ್ಟ್ ಹೋಗುತ್ತದೆ. ಗುಂಡಿ ಬಂದಾಗ ಪಟ್ಟಾಕ್ಕೆ (ಸ್ಪ್ರಿಂಗಿನ ಪಟ್ಟಿಗಳಿಗೆ) ಬಿಗಿದ ಹೌಸಿಂಗು ಮೇಲೆ ಕೆಳಗೆ ಆಡುತ್ತದೆ, ಗೇರ್ ಬಾಕ್ಸು ಇದ್ದಲ್ಲೇ ಇರುತ್ತದೆ. ಹಾಗಾಗಿ ಶಾಫ್ಟು ತಿರುಗುತ್ತಲೇ ಬಾಗಬೇಕು. ಆ ಬಾಗುವ ಜಾಗವೇ ಯೂನಿವರ್ಸಲ್ ಜಾಯಿಂಟು. ಅದರಲ್ಲಿ ಕೂಡುಗುರುತಿನ ಆಕಾರದ ಒಂದು ಉಕ್ಕಿನ ತುಂಡು ಇರುತ್ತದೆ, ಅದೇ ಕ್ರಾಸು. ಅದರ ನಾಲ್ಕು ಕಾಲಿಗೆ ನಾಲ್ಕು ಕಪ್ಪು (ಬಣ್ಣವಲ್ಲ, ಇಂಗ್ಲಿಷಿನ ಕಪ್, ಸಣ್ಣ ಬಟ್ಟಲು), ಕಪ್ಪಿನ ಒಳಗೋಡೆಗೆ ಸಾಲಾಗಿ ಸೂಜಿಯಂಥ ಸಣ್ಣ ಉರುಳೆಗಳು. ಎದುರುಬದುರಿನ ಎರಡು ಕಾಲನ್ನು ಈ ಕಡೆಯ ಯೋಕು, ಅಂದರೆ ಶಾಫ್ಟಿನ ತುದಿಯ ಕವಲು, ಹಿಡಿದಿರುತ್ತದೆ, ಉಳಿದೆರಡನ್ನು ಆ ಕಡೆಯದು.

ಭಾನುವಾರ ಬೇವಿನ ಮರದ ಕೆಳಗೇ ಕೆಲಸ ಹಿಡಿದೆವು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಮುಂದೊಂದು ಹಿಂದೊಂದು ಕಲ್ಲು ಕೊಟ್ಟು, ಅಣ್ಣ ಅಡಿಗೆ ನುಸುಳಿದ. ಬೋಲ್ಟು ಬಿಚ್ಚುವ ಮೊದಲು ಜಾಯಿಂಟಿನ ಎರಡೂ ಕಡೆ ಬಿಳಿ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದ. ಡಿಪ್ಲೊಮಾ ಓದುವ ಅವನ ಮಗ ಯಾಕೆ ಅಂತ ಕೇಳಿದ. "ಬಿಚ್ಚಿದಂಗ ಕುಂದ್ರಸಲಿಲ್ಲ ಅಂದ್ರ ಗಾಡಿ ನಡುಗ್ತೈತಿ" ಅಂದ ಅಣ್ಣ. ವಿಷಯ ಅಷ್ಟೇ. ಬಾಗಿದ ಜಾಯಿಂಟು ಪ್ರತಿ ಸುತ್ತಿನಲ್ಲಿ ಎರಡು ಸಲ ಚುರುಕಾಗಿ ಎರಡು ಸಲ ನಿಧಾನವಾಗುತ್ತದೆ. ಶಾಫ್ಟಿನ ಎರಡು ತುದಿಯ ಯೋಕುಗಳು ಒಂದೇ ಸಾಲಿನಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಮುರಿಯುತ್ತದೆ. ಸಾಲು ತಪ್ಪಿದರೆ ನಡುಕ.

ಕಪ್ಪು ಹೊರಗೆ ಬರದಂತೆ ತಡೆಯುವ ಉಂಗುರಕ್ಕೆ ಗ್ಯಾರೇಜಿನಲ್ಲಿ ‘ಲಾಕ್’ ಅಂತಾರೆ. ಅಣ್ಣ ಒಮ್ಮೆ "ಲಾಕ್ ತಗಿ" ಅಂದ, ಇನ್ನೊಮ್ಮೆ "ಕೀಲಿ ತಗಿ" ಅಂದ. ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನೋದು ತಾನೇ? ನನಗೆ ಮಾತ್ರ ತಾತನ ಬಂಡಿ ನೆನಪಾಯಿತು. ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುತ್ತಿದ್ದ ಕಡಾಣಿಯ ಕೆಲಸವೂ ಇದೇ ಅಲ್ವಾ? ಕಡೆಗೆ ಹಾಕುವ ಆಣಿ, ಕಡಾಣಿ. ಕಡೆಗೀಲು ಅಂದರೂ ಅದೇ.

ಲಾಕ್ ತೆಗೆದು, ವೈಸಿನಲ್ಲಿ (ಬಿಗಿಹಿಡಿಯುವ ಇಕ್ಕಳದಲ್ಲಿ) ಒಂದು ಕಡೆ ಸಣ್ಣ ಸಾಕೆಟ್, ಇನ್ನೊಂದು ಕಡೆ ದೊಡ್ಡ ಸಾಕೆಟ್ ಇಟ್ಟು ಬಿಗಿ ಮಾಡಿದಾಗ ಕಪ್ಪು ನಿಧಾನಕ್ಕೆ ಜಾರಿ ಬಂತು. ಸೂಜಿಗಳ ಬದಲು ಒಂದು ಚಮಚದಷ್ಟು ಕೆಂಪು ಪುಡಿ ಉದುರಿತು. ಕ್ರಾಸಿನ ಸುತ್ತ ಈ ಕೆಂಪು ತಿಂಗಳಿಂದ ಕಾಣ್ತಿತ್ತಂತೆ. ಸಂಡೂರು ಕಡೆ ಓಡಾಡುವ ಗಾಡಿ, ಅದಿರಿನ ಧೂಳು ಅಂತ ಸುಮ್ನೆ ಬಿಟ್ಟಿದ್ದ. ಅದು ಗ್ರೀಸ್ ಇಲ್ಲದೆ ಒಣಗಿದ ಉಕ್ಕಿನ ತುಕ್ಕು. ಬಳ್ಳಾರಿಯಲ್ಲಿ ತುಕ್ಕಿಗೂ ಧೂಳಿಗೂ ಬಣ್ಣ ಒಂದೇ, ಏನು ಮಾಡೋದು. ಕ್ರಾಸಿನ ಕಾಲು ಒರೆಸಿ ಉಗುರು ಆಡಿಸಿದೆ. ನುಣ್ಣಗಿರಬೇಕಾದ ಕಡೆ ಸಾಲುಸಾಲಾಗಿ ತಗ್ಗು. ಒಂದೊಂದು ಸೂಜಿಯೂ ತನ್ನ ಮಲಗುವ ಜಾಗ ಕೊರೆದುಕೊಂಡಿತ್ತು.

ಅಣ್ಣನ ಮಗ ತನ್ನ ನೋಟ್ಸಿನಲ್ಲಿ ಇದನ್ನು ‘ಸಾರ್ವತ್ರಿಕ ಕೀಲು’ ಅಂತ ಬರೆದುಕೊಂಡಿದ್ದ. ಅಣ್ಣ ನಕ್ಕ: "ಸಾರ್ವತ್ರಿಕ ಎಲೆಕ್ಷನ್ ಕೇಳೀನಿ, ಇದೇನಲೇ?" ನನಗೂ ಹಿಡಿಸಲಿಲ್ಲ. ಇಲ್ಲಿ ಯೂನಿವರ್ಸಲ್ ಅಂದರೆ ಎಲ್ಲರದ್ದು, ಎಲ್ಲೆಡೆ ಇರುವುದು ಅಂತಲ್ಲ. ಯಾವ ಕಡೆಗಾದರೂ ಬಾಗುವುದು ಅಂತ. ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಈ ಜಾಯಿಂಟಿಗೆ ಆ ಹೆಸರಿಟ್ಟು ಬರೆದ. ಯುರೋಪಿನ ಬೇರೆ ನುಡಿಗಳಲ್ಲಿ ಇಟಲಿಯ ಕಾರ್ಡಾನೊ ಹೆಸರು ಹಿಡಿದು ಕಾರ್ಡನ್ ಅಂತಲೇ ಕರೆಯುತ್ತಾರೆ. ಕನ್ನಡಕ್ಕೆ ಹೊಸ ಪದ ಬೇಕೇ ಬೇಕು ಅಂದರೆ, ಕಡೆಗೀಲಿನ ಜಾಡಿನಲ್ಲೇ ‘ಹೊರಳುಗೀಲು’ ಆದೀತು. ಕೀಲುನೋವು, ಕೀಲುಕುದುರೆ, ಕೀಲೆಣ್ಣೆ ಎಲ್ಲ ಇರುವಾಗ ಕೀಲು ಯಾರಿಗೂ ಹೊಸದಲ್ಲ. ಯೋಕಿಗೆ ‘ನೊಗ’ ಅನ್ನಬಹುದು, ಇಂಗ್ಲಿಷಿನಲ್ಲಿ ಎತ್ತಿನ ನೊಗಕ್ಕೂ ಅದೇ ಪದ. ಆದರೆ ನೋಡಲು ಅದು ನೊಗದಂತಿಲ್ಲ, ಕವಲೊಡೆದ ಕೊಂಬೆಯಂತಿದೆ. ನನ್ನ ಓಟು ‘ಕವೆ’ಗೆ.

ಆದರೆ ನಿಜ ಹೇಳಬೇಕೆಂದರೆ ಈ ಹೆಸರುಗಳ ಬಗ್ಗೆ ನನಗೆ ಜಾಸ್ತಿ ಚಿಂತೆ ಇಲ್ಲ. ಶಾಫ್ಟು, ಕ್ರಾಸು, ಕಪ್ಪು, ಎಲ್ಲ ಹೊರಗಿನಿಂದ ಬಂದು ಉಕಾರ ಹಚ್ಚಿಕೊಂಡು ಇಲ್ಲೇ ಕೂತಿವೆ. ಅವುಗಳಿಗೆ ಏನಾಗುತ್ತದೆ ಅಂತ ಹೇಳುವ ಮಾತೆಲ್ಲ ಕನ್ನಡವೇ. ಇಡೀ ದಿನ ಅಣ್ಣನ ಬಾಯಿಂದ ಬಂದ ಕ್ರಿಯಾಪದಗಳಲ್ಲಿ ಒಂದೂ ಇಂಗ್ಲಿಷಿನದ್ದಲ್ಲ. ಗ್ರೀಸ್ ‘ಹೊಡಿ’. ಗಾಡಿಯನ್ನೂ ಹೊಡೆಯುವುದೇ, ಬಂಡಿ ಹೊಡೆದವರ ಮಾತು ಸ್ಟೇರಿಂಗಿಗೆ ಬಂದಿದೆ. ಕಪ್ಪು ‘ಕುಂದ್ರಸು’. ಜಾಯಿಂಟು ಕೆಡುವುದರಲ್ಲೂ ಮೆಟ್ಟಿಲುಗಳಿವೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಸ್ವಲ್ಪ ಸಡಿಲ ಇದ್ದರೆ ‘ಆಡ್ತೈತಿ’. ಕ್ಲಚ್ ಬಿಟ್ಟಾಗ ಟಕ್ ಅಂತ ಬಡಿದರೆ ‘ತಿಂದೈತಿ’. ಶಾಫ್ಟೇ ಕಳಚಿ ನೆಲಕ್ಕೆ ಬಡಿದರೆ ‘ಹೋತು’. ‘ಸವೆದಿದೆ’ ಅಂತ ಅವನು ಒಮ್ಮೆಯೂ ಹೇಳಲಿಲ್ಲ. ಸವೆಯುವುದು ಚಪ್ಪಲಿ, ಸಾಬೂನು.

ಈಗ ನನ್ನ ಪ್ರಶ್ನೆ. ‘ಗಾಡಿ ಆಯಿಲ್ ತಿಂತೈತಿ’ ಅಂದರೆ ತಿನ್ನುವುದು ಗಾಡಿ, ಸರಿ. ಚಕ್ರ ಸಾಲಿನಲ್ಲಿ ಇಲ್ಲದಿದ್ದರೆ ‘ಗಾಡಿ ಟೈರ್ ತಿಂತೈತಿ’ ಅಂತೇವೆ, ಅದೂ ಸರಿ. ‘ಕ್ರಾಸ್ ತಿಂದೈತಿ’ ಅನ್ನುವಾಗ ಕ್ರಾಸು ತಿಂದದ್ದೋ, ತಿನ್ನಿಸಿಕೊಂಡದ್ದೋ? ನನ್ನ ಊಹೆ, ಇದು ‘ಬದನೆಕಾಯಿ ಹುಳ ತಿಂದೈತಿ’ ಅನ್ನುವಂಥ ವಾಕ್ಯ. ತಿಂದ ಹುಳದ ಹೆಸರು ಮಾತ್ರ ಬಿಟ್ಟುಹೋಗಿದೆ, ಕ್ರಾಸು ಇಲ್ಲಿ ಕರ್ಮ. ಆದರೆ ಹಾಗಿದ್ದರೆ ‘ಎರಡು ಕ್ರಾಸೂ ತಿಂದಾವು’ ಅಂತ ಬಹುವಚನ ಬರಬಾರದಿತ್ತು. ಅಣ್ಣ ಹಿಂದಿನ ಜಾಯಿಂಟನ್ನೂ ಬಿಚ್ಚಿ ನೋಡಿ ಹಾಗೇ ಹೇಳಿದ. ‘ತಿಂದಾವು’ ಅಂದಮೇಲೆ ಕ್ರಾಸುಗಳೇ ಕರ್ತೃ ಆದವಲ್ಲ! ಕರ್ಮ ಬಂದು ಕರ್ತೃವಿನ ಕುರ್ಚಿಯಲ್ಲಿ ಕೂತಿದೆ. ‘ತಿನ್ನು’ ಇಲ್ಲಿ ‘ಸವೆ’, ‘ಒಡೆ’ಗಳ ಹಾಗೆ ಅಕರ್ಮಕ ಆಗಿಬಿಟ್ಟಿದೆಯೇ?

ರಾಯಚೂರು, ಕೊಪ್ಪಳದ ಕಡೆಯವರು ದಯವಿಟ್ಟು ಹೇಳಿ. ನಿಮ್ಮಲ್ಲಿ ಹೀಗೆ ಬಹುವಚನ ಬರುತ್ತದೆಯೇ? ಮೈಸೂರು ಕಡೆ ‘ತಿಂದಿವೆ’ ಅಂತಾರಾ, ಇಲ್ಲ ಬೇರೆ ಮಾತೇ ಇದೆಯಾ? ತೆಲುಗು ಬಲ್ಲವರು, ಅಲ್ಲೂ ‘ತಿನು’ವನ್ನು ಹೀಗೆ ಬಳಸುತ್ತಾರಾ ಅಂತ ತಿಳಿಸಿದರೆ ಇನ್ನೂ ಒಳ್ಳೆಯದು. ನಮ್ಮೂರಲ್ಲಿ ಅರ್ಧ ಗ್ಯಾರೇಜು ಎರಡೂ ಭಾಷೆಯಲ್ಲಿ ನಡೆಯುತ್ತದೆ, ಯಾವುದು ಯಾವುದರಿಂದ ಬಂತು ಅಂತ ಹೇಳುವುದು ಕಷ್ಟ.

ಸಂಜೆ ಹೊಸ ಕ್ರಾಸು ಕುಂದ್ರಿಸಿ, ನಾಲ್ಕೂ ಕಪ್ಪಿನ ಅಂಚಿನಲ್ಲಿ ಗ್ರೀಸ್ ಇಣುಕುವವರೆಗೆ ಗನ್ ಹೊಡೆದೆವು. ಗಾಡಿ ಸದ್ದಿಲ್ಲದೆ ಓಡುತ್ತಿದೆ. ನಾನು ಮಾತ್ರ ಈಗ ಅಣ್ಣ ಫೋನ್ ಮಾಡಿದಾಗಲೆಲ್ಲ, ತಿಂದದ್ದು ಯಾರು ಅಂತ ಎರಡು ಸಲ ಕೇಳುತ್ತೇನೆ.