ಅಡಿಕೆ ಮಾರಿದ ದುಡ್ಡು, ಎಂಬಿಬಿಎಸ್ ಸೀಟು: ಲ್ಯಾಪ್‌ಟಾಪಾ, ಟ್ಯಾಬಾ?

ಕಳೆದ ವಾರದ ಸಮಸ್ಯೆ: ನಾನು ಸುಳ್ಯದ ಕಡೆಯವಳು. ಮಂಗಳೂರಿನಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿದೆ. ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ 50 ಸಾವಿರ ನನಗೆಂದು ತೆಗೆದಿಟ್ಟಿದ್ದಾರೆ. ಸೀನಿಯರ್‌ಗಳು ಟ್ಯಾಬ್ ತಗೋ ಅನ್ನುತ್ತಾರೆ. ಇಂಜಿನಿಯರಿಂಗ್ ಓದಿದ ಅಣ್ಣ ಲ್ಯಾಪ್‌ಟಾಪ್ ಇಲ್ಲದೆ ಆಗುವುದೇ ಇಲ್ಲ ಅನ್ನುತ್ತಾನೆ. ಎರಡೂ ಕೊಳ್ಳುವಷ್ಟು ಹಣ ಇಲ್ಲ, ಅಪ್ಪನ ಹತ್ತಿರ ಮತ್ತೆ ಕೇಳಲು ಮನಸ್ಸೂ ಇಲ್ಲ. ಏನು ಮಾಡಲಿ?

ಓದುಗರ ಸ್ಪಂದನ:

ತಂಗೀ, ಮೊದಲು ಅಭಿನಂದನೆ. ನಿನ್ನ ಪತ್ರ ಓದಿ ನಿಜಕ್ಕೂ ಖುಷಿಯಾಯಿತು. ನಾನೂ ತೋಟದ ಮನೆಯವಳೇ, ಈಗ ದೇರಳಕಟ್ಟೆಯಲ್ಲಿ ಫೈನಲ್ ಇಯರ್. ನನ್ನ ಉತ್ತರ ಪೆನ್ ಇರುವ ಟ್ಯಾಬ್. ಆದರೆ ಈಗಲೇ ಬೇಡ. ಕ್ಲಾಸು ಶುರುವಾಗಲಿ. ಮೊದಲು ಫೌಂಡೇಶನ್ ಕೋರ್ಸ್ ಇರುತ್ತದೆ, ಅದಕ್ಕೆ ಕೈಯಲ್ಲಿರುವ ಮೊಬೈಲ್ ಧಾರಾಳ ಸಾಕು. ನಿನ್ನ ಕಾಲೇಜಿನಲ್ಲಿ ಇಂಟರ್ನಲ್ ಟೆಸ್ಟ್ ಕಂಪ್ಯೂಟರ್‌ನಲ್ಲಿ ಮಾಡುತ್ತಾರಾ, ಅದಕ್ಕೆ ಇಂಥದ್ದೇ ಸಾಫ್ಟ್‌ವೇರ್ ಬೇಕು ಅಂತ ಇದೆಯಾ, ಕ್ಲಾಸಿನಲ್ಲಿ ಟ್ಯಾಬ್ ತೆಗೆಯಲು ಬಿಡುತ್ತಾರಾ, ಇದನ್ನೆಲ್ಲ ಅಲ್ಲಿಯ ಸೆಕೆಂಡ್ ಇಯರ್‌ನವರ ಹತ್ತಿರ ಕೇಳು. ಒಂದೊಂದು ಕಾಲೇಜಿನಲ್ಲಿ ಒಂದೊಂದು ಥರ.

ಟ್ಯಾಬ್ ಯಾಕೆ ಅಂತೀಯಾ? ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಟೈಪ್ ಮಾಡುವ ಕೆಲಸ ತೀರಾ ಕಡಿಮೆ, ಚಿತ್ರ ಬಿಡಿಸುವುದೇ ಜಾಸ್ತಿ. ಬ್ರೇಕಿಯಲ್ ಪ್ಲೆಕ್ಸಸ್ ಅಂತ ಒಂದು ಬರುತ್ತದೆ, ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಜಾಲ. ಐದು ರೂಟ್, ಮೂರು ಟ್ರಂಕ್, ಆರು ಡಿವಿಷನ್, ಮೂರು ಕಾರ್ಡ್, ಕೊನೆಗೆ ಐದು ಮುಖ್ಯ ನರ. ಇದನ್ನು ಬಾಯಿಪಾಠ ಮಾಡಿದರೆ ಮಾರನೇ ದಿನ ಮರೆತುಹೋಗುತ್ತದೆ. ಬಿಡಿಸಿದರೆ ಮಾತ್ರ ನಿಲ್ಲುತ್ತದೆ. ಟ್ಯಾಬಿನಲ್ಲಿ ನಾನು ನರಗಳನ್ನು ಒಂದು ಲೇಯರಿನಲ್ಲಿ ಹಳದಿಯಾಗಿ ಬಿಡಿಸುತ್ತಿದ್ದೆ, ಕಂಕುಳಿನಲ್ಲಿ ಹಾದುಹೋಗುವ ಆಕ್ಸಿಲರಿ ಆರ್ಟರಿ ಅನ್ನುವ ರಕ್ತನಾಳವನ್ನು ಇನ್ನೊಂದು ಲೇಯರಿನಲ್ಲಿ ಕೆಂಪಾಗಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಆ ಮೂರು ಕಾರ್ಡ್‌ಗಳು ಆರ್ಟರಿಯ ಸುತ್ತ ಹೇಗೆ ಕೂತಿವೆ ಅಂತ ಥಟ್ಟನೆ ಗೊತ್ತಾಗುತ್ತದೆ. ನರದ ಲೇಯರ್ ಮುಚ್ಚು, ಮನಸ್ಸಿನಿಂದ ಮತ್ತೆ ಬಿಡಿಸು, ತೆರೆದು ಹೋಲಿಸು. ವೈವಾಕ್ಕೆ, ಅಂದರೆ ಬಾಯಿಯಲ್ಲಿ ಕೇಳುವ ಪರೀಕ್ಷೆಗೆ, ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ಹಾಗಂತ ಎಲ್ಲವನ್ನೂ ಟ್ಯಾಬಿಗೇ ಹಾಕಬೇಡ. ಹಿಸ್ಟಾಲಜಿ (ಅಂಗಾಂಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಲಿಯುವುದು) ರೆಕಾರ್ಡ್ ಪೇಪರಿನಲ್ಲೇ ಬರೆಯಬೇಕು. ಸ್ಲೈಡ್‌ನ ಬಣ್ಣಕ್ಕೆ ಸರಿಯಾಗಿ ಗುಲಾಬಿ ಮತ್ತು ನೇರಳೆ ಪೆನ್ಸಿಲ್ ಬೇಕಾಗುತ್ತದೆ, ಈಗಲೇ ಎರಡೆರಡು ತೆಗೆದಿಟ್ಟುಕೋ. ಯೂನಿವರ್ಸಿಟಿ ಥಿಯರಿ ಪರೀಕ್ಷೆಯೂ ಕೈಬರಹದ್ದೇ. ಮೂರು ಗಂಟೆ ಎಡೆಬಿಡದೆ ಬರೆಯುವ ಅಭ್ಯಾಸ ತಪ್ಪಿದರೆ ಕೈ ನೋಯುತ್ತದೆ, ಬರಹವೂ ಕೆಡುತ್ತದೆ. ಡಿಸೆಕ್ಷನ್ ಹಾಲಿಗಂತೂ ಟ್ಯಾಬ್ ಒಯ್ಯಲೇಬೇಡ. ಫಾರ್ಮಲಿನ್, ಕೊಬ್ಬು ಹತ್ತಿದ ಗ್ಲೌಸ್, ಒದ್ದೆ ಮೇಜು, ಅದು ಟ್ಯಾಬ್ ಇಡುವ ಜಾಗವೇ ಅಲ್ಲ. ಅಲ್ಲಿ ಮಲಗಿರುವುದು ನಮ್ಮ ಕಲಿಕೆಗಾಗಿ ಬಂದ ಒಬ್ಬ ಮನುಷ್ಯನ ದೇಹ. ಅದರ ಫೋಟೋ ತೆಗೆಯುವುದು ತಪ್ಪು, ಯಾರು ತೆಗೆದರೂ ತಪ್ಪು.

ಕೊಳ್ಳುವಾಗ 11 ಇಂಚಿನ ಆಸುಪಾಸಿನದ್ದು ನೋಡು. ಅದಕ್ಕಿಂತ ಚಿಕ್ಕದಾದರೆ ಒಂದು ಬದಿ ಪುಸ್ತಕ, ಇನ್ನೊಂದು ಬದಿ ನೋಟ್ಸ್ ಇಟ್ಟಾಗ ಅಕ್ಷರ ಓದಲು ಕಷ್ಟ. ಸ್ಟೋರೇಜ್ 128 ಜಿಬಿಗಿಂತ ಕಡಿಮೆ ಬೇಡ. ಸಿಮ್ ಹಾಕುವ ಮಾಡೆಲ್‌ಗೆ ಸುಮ್ನೆ ದುಡ್ಡು ಕೊಡಬೇಡ, ಮೊಬೈಲ್ ಹಾಟ್‌ಸ್ಪಾಟ್ ಸಾಕು. ಸ್ಯಾಮ್‌ಸಂಗ್‌ನ ಎಸ್ ಸರಣಿಯ ಟ್ಯಾಬ್‌ಗಳ ಜೊತೆ ಪೆನ್ ಬಾಕ್ಸಿನಲ್ಲೇ ಬರುತ್ತದೆ. ಐಪ್ಯಾಡ್‌ಗೆ ಪೆನ್ಸಿಲ್ ಬೇರೆ ಕೊಳ್ಳಬೇಕು, ಬೆಲೆ ಹೋಲಿಸುವಾಗ ಅದನ್ನೂ ಸೇರಿಸು. ಪ್ರಶ್ನೆ-ಉತ್ತರದ ಚೀಟಿಗಳಂಥ ಕಾರ್ಡ್ ಮಾಡಿ ಓದುವ ಆಂಕಿ ಆ್ಯಪ್ ಆಂಡ್ರಾಯ್ಡ್‌ನಲ್ಲಿ ಉಚಿತ, ಐಪ್ಯಾಡ್‌ನಲ್ಲಿ ದುಡ್ಡು ಕೊಡಬೇಕು. ಪೆನ್ ಸಮೇತ ನಿನ್ನ ಬಜೆಟ್ಟಿನ ಒಳಗೇ ಆಗಿ ಸ್ವಲ್ಪ ಹಣ ಉಳಿಯುವ ಟ್ಯಾಬ್‌ಗಳಿವೆ. ಆ ಉಳಿಕೆಯನ್ನು ಮುಟ್ಟಬೇಡ. ಮುಂದೆ ಲ್ಯಾಪ್‌ಟಾಪ್‌ಗೆ ಬೇಕಾಗುತ್ತದೆ.
ಫೈನಲ್ ಇಯರ್ ವಿದ್ಯಾರ್ಥಿನಿ, ದೇರಳಕಟ್ಟೆ

ನಮಸ್ಕಾರ. ನಾನು ಮಣಿಪಾಲದಲ್ಲಿ ಪೆಥಾಲಜಿ ಪಿ.ಜಿ. ಮಾಡುತ್ತಿದ್ದೇನೆ. ಒಂದೇ ವಸ್ತು ಕೊಳ್ಳಲು ಸಾಧ್ಯ, ಮತ್ತೆ ಮನೆಯಲ್ಲಿ ಕೇಳುವುದಿಲ್ಲ ಅನ್ನುವುದಾದರೆ ನಾನು ನಿಮ್ಮ ಅಣ್ಣನ ಪಕ್ಷ. ಕೋರ್ಸು ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷದ ಚಿತ್ರಗಳನ್ನು ನೋಡಿ ಅಷ್ಟೂ ವರ್ಷಕ್ಕೆ ತೀರ್ಮಾನ ಮಾಡಬಾರದು. ಚಿತ್ರವನ್ನು ಬಿಳಿ ಹಾಳೆಯಲ್ಲಿ ಬಿಡಿಸಿ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದರೂ ಆಯಿತು. ಆದರೆ ಲ್ಯಾಪ್‌ಟಾಪ್ ಮಾಡುವ ಕೆಲವು ಕೆಲಸಕ್ಕೆ ಬದಲಿ ಇಲ್ಲ.

ಫ್ಯಾಮಿಲಿ ಅಡಾಪ್ಷನ್ ಪ್ರೋಗ್ರಾಂನಲ್ಲಿ ನೀವು ಹಳ್ಳಿಯ ಕೆಲವು ಮನೆಗಳಿಗೆ ಹೋಗಿ ವಿವರ ಬರೆದುಕೊಂಡು ಬರುತ್ತೀರಿ. ಅದನ್ನೆಲ್ಲ ಎಕ್ಸೆಲ್‌ಗೆ ಹಾಕುವಾಗ ಟ್ಯಾಬಿನ ಪರದೆಯ ಮೇಲೆ ಬೆರಳಾಡಿಸಿ ಸಾಕಾಗುತ್ತದೆ. ಸೆಮಿನಾರ್‌ಗೆ ಪಿಪಿಟಿ ಮಾಡಿ ಪ್ರೊಜೆಕ್ಟರ್‌ಗೆ ಜೋಡಿಸಬೇಕು. ಅಗ್ಗದ ಟ್ಯಾಬ್‌ಗಳಲ್ಲಿ ಟೈಪ್ ಸಿ ಪೋರ್ಟ್ ಇದ್ದರೂ ಎಷ್ಟೋ ಸಲ ಅದರಿಂದ ಪ್ರೊಜೆಕ್ಟರ್‌ಗೆ ಚಿತ್ರ ಹೋಗುವುದಿಲ್ಲ. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಕೊಡುವ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್‌ಗೆ ದಯವಿಟ್ಟು ಅರ್ಜಿ ಹಾಕಿ. ಸ್ವಂತವಾಗಿ ಒಂದು ಸಣ್ಣ ಸಂಶೋಧನೆ ಮಾಡಲು ಇದು ಒಳ್ಳೆಯ ಅವಕಾಶ. ಅದಕ್ಕೆ ಪ್ರಪೋಸಲ್ ಬರೆಯಬೇಕು, ರೆಫರೆನ್ಸ್ ಜೋಡಿಸಬೇಕು, ಕೊನೆಗೆ ವರದಿ ಕೊಡಬೇಕು. ಅಂಕಿಅಂಶದ ಲೆಕ್ಕಾಚಾರಕ್ಕೆ ಬಳಸುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ ಓಡುವಂಥದ್ದು, ಟ್ಯಾಬಿಗೆ ಬರುವುದಿಲ್ಲ. ಅದನ್ನು ಕೊಳ್ಳುವ ಶಕ್ತಿ ಇಲ್ಲದಿದ್ದರೆ ಜಾಮೋವಿ ಇದೆ, ಆರ್ ಇದೆ, ಎರಡೂ ಉಚಿತ. ರೆಫರೆನ್ಸ್‌ಗೆ ಜೊಟೆರೊ ಇದೆ, ಅದಕ್ಕೂ ದುಡ್ಡು ಬೇಡ. ನಿಮ್ಮ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕೆಳಗೆ ಬರುವುದಾದರೆ ಲೈಬ್ರರಿಯಲ್ಲಿ ಹೆಲಿನೆಟ್ ಅನ್ನುವ ಡಿಜಿಟಲ್ ಲೈಬ್ರರಿ ಬಗ್ಗೆ ಕೇಳಿ. ಜರ್ನಲ್, ಇ-ಪುಸ್ತಕ ಅಲ್ಲೇ ಸಿಗುತ್ತವೆ.

ಪಿ.ಜಿ. ಆಸೆ ಇದ್ದರೆ ಇನ್ನೊಂದು ವಿಷಯ. ನೀಟ್ ಪಿಜಿ ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ. 200 ಪ್ರಶ್ನೆ, ಮೂರೂವರೆ ಗಂಟೆ, ಕೈಯಲ್ಲಿ ಮೌಸ್. ಹಾಸಿಗೆಯಲ್ಲಿ ಒರಗಿಕೊಂಡು ಟ್ಯಾಬಿನಲ್ಲಿ ಪ್ರಶ್ನೆ ಬಿಡಿಸಿ ರೂಢಿಯಾದವರಿಗೆ ಅಲ್ಲಿ ನೇರ ಕೂರುವುದೇ ಕಷ್ಟವಾಗುತ್ತದೆ. ಸೆಕೆಂಡ್ ಇಯರ್‌ನ ಪೆಥಾಲಜಿ ಸ್ಲೈಡ್‌ಗಳೂ ಈಗ ಡಿಜಿಟಲ್ ಆಗಿ ಸಿಗುತ್ತವೆ. ಇಡೀ ಸ್ಲೈಡನ್ನು ದೊಡ್ಡ ಪರದೆಯಲ್ಲಿ ಇಟ್ಟು, ಬೇಕಾದಲ್ಲಿ ಹಿಗ್ಗಿಸುತ್ತ ಹೋದರೆ ಯಾವ ಭಾಗ ಸರಿಯಿದೆ, ಎಲ್ಲಿಂದ ಕೆಟ್ಟಿದೆ ಅನ್ನುವ ಗಡಿ ಕಾಣುತ್ತದೆ. ನನಗೆ ಪೆಥಾಲಜಿ ಹಿಡಿಸಿದ್ದೇ ಹಾಗೆ.

14 ಇಂಚು, ಒಂದೂವರೆ ಕಿಲೋ ಒಳಗೆ, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಅಷ್ಟು ಸಾಕು. ಬಜೆಟ್ಟಿನಲ್ಲಿ 8 ಜಿಬಿಯದ್ದೇ ಸಿಗುವುದಾದರೆ, ಮುಂದೆ ರ್‍ಯಾಮ್ ಹೆಚ್ಚಿಸಲು ಸ್ಲಾಟ್ ಇದೆಯಾ ಕೇಳಿ. ಗೇಮಿಂಗ್ ಲ್ಯಾಪ್‌ಟಾಪ್ ಬೇಡವೇ ಬೇಡ, ಭಾರ ಜಾಸ್ತಿ, ಬ್ಯಾಟರಿ ಬೇಗ ಖಾಲಿ.
ಪೆಥಾಲಜಿ ಪಿ.ಜಿ. ವಿದ್ಯಾರ್ಥಿ, ಮಣಿಪಾಲ

ಎಜುಕೇಷನ್ ಲೋನ್ ಮಾಡುತ್ತೀರಾದರೆ ಒಂದು ವಿಷಯ ಗಮನಿಸಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಫೀಸು, ಹಾಸ್ಟೆಲ್ ಮಾತ್ರ ಅಲ್ಲ, ಕೋರ್ಸಿಗೆ ಬೇಕಾದ ಕಂಪ್ಯೂಟರಿನ ಖರ್ಚನ್ನೂ ಸೇರಿಸಲು ಅವಕಾಶ ಇದೆ. ಅರ್ಜಿ ಕೊಡುವಾಗಲೇ ಕೊಟೇಷನ್ ಲಗತ್ತಿಸಿ. ಸಾಲ ಮಂಜೂರಾದ ಮೇಲೆ ಸೇರಿಸಿ ಅಂದರೆ ಕಷ್ಟ. ಅಪ್ಪನ 50 ಸಾವಿರ ಪುಸ್ತಕಕ್ಕೋ ಮೆಸ್ಸಿಗೋ ಉಳಿಯುತ್ತದೆ. ಸಾಲ ಸಾಲವೇ, ಬಡ್ಡಿ ಇದ್ದೇ ಇರುತ್ತದೆ, ಅದನ್ನು ಮನೆಯವರ ಜೊತೆ ಕೂತು ಲೆಕ್ಕ ಹಾಕಿ.
ಬ್ಯಾಂಕ್ ಉದ್ಯೋಗಿ, ಪುತ್ತೂರು

ಮಗಳೇ, ನಾನು ಮೆಡಿಸಿನ್ ಕಲಿಸಿ ನಿವೃತ್ತನಾದವನು. ವೆನ್ಲಾಕ್ ಆಸ್ಪತ್ರೆಯ ವಾರ್ಡುಗಳಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಓಡಾಡಿದ್ದೇನೆ. ಯಾವುದು ಕೊಳ್ಳಬೇಕು ಅಂತ ಮಕ್ಕಳೇ ಚೆನ್ನಾಗಿ ಹೇಳುತ್ತಾರೆ. ಕೊಂಡ ಮೇಲೆ ವಾರ್ಡಿನಲ್ಲಿ ಹೇಗಿರಬೇಕು ಅನ್ನುವುದನ್ನು ನಾನು ಹೇಳುತ್ತೇನೆ.

ಹಿಸ್ಟರಿ ತೆಗೆದುಕೊಳ್ಳುವಾಗ, ಅಂದರೆ ರೋಗಿಯ ಹತ್ತಿರ ಕಾಯಿಲೆಯ ವಿವರ ಕೇಳುವಾಗ, ಪರದೆ ಬ್ಯಾಗಿನೊಳಗಿರಲಿ. ಎದುರು ಮಲಗಿರುವವರು ಬಂಟ್ವಾಳದ ಬೀಡಿ ಕಟ್ಟುವ ಹೆಂಗಸಾಗಿರಬಹುದು, ಬಂದರಿನಲ್ಲಿ ಮೀನು ಇಳಿಸುವವರಾಗಿರಬಹುದು. ಒಬ್ಬರು ತುಳು ಮಾತಾಡುತ್ತಾರೆ, ಪಕ್ಕದ ಬೆಡ್ಡಿನವರು ಬ್ಯಾರಿ, ಅದರಾಚೆಯವರು ಕೊಂಕಣಿ. ಅವರ ಮುಖ ನೋಡಿಕೊಂಡು ಕೇಳಿದರೆ ಮಾತ್ರ ಎದೆನೋವು ಯಾವಾಗ ಶುರುವಾಯಿತು ಅಂತ ಸರಿಯಾಗಿ ಹೇಳುತ್ತಾರೆ. ಒಂದು ಸಣ್ಣ ಪಾಕೆಟ್ ನೋಟ್‌ಬುಕ್ಕಿನಲ್ಲಿ ಬರೆದುಕೋ. ಹಾಸ್ಟೆಲಿಗೆ ಬಂದು ಟ್ಯಾಬಿಗೋ ಲ್ಯಾಪ್‌ಟಾಪಿಗೋ ಏರಿಸುವಾಗ ಹೆಸರು, ಊರು, ಐಪಿ ನಂಬರ್ (ಒಳರೋಗಿಯ ನೋಂದಣಿ ಸಂಖ್ಯೆ) ಬಿಟ್ಟುಬಿಡು. "58 ವರ್ಷದ ಗಂಡಸು" ಅಂತಿದ್ದರೆ ಕಲಿಯಲು ಸಾಕು. ಎಕ್ಸ್‌ರೇ, ಗಾಯ, ಚರ್ಮದ ಕಲೆ, ಯಾವುದರ ಫೋಟೋವನ್ನೂ ಒಪ್ಪಿಗೆ ಇಲ್ಲದೆ ತೆಗೆದು ಬ್ಯಾಚ್ ಗ್ರೂಪಿಗೆ ಹಾಕಬಾರದು. ಪರದೆಗೆ ಪಾಸ್‌ವರ್ಡ್ ಇರಲಿ. ವಾರ್ಡಿಗೆ ಒಯ್ದರೆ ರೋಗಿಯ ಹಾಸಿಗೆ ಮೇಲೆ ಇಡಬೇಡ, ಹೊರಗೆ ಬಂದ ಮೇಲೆ ಸ್ವಿಚ್ ಆಫ್ ಮಾಡಿ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ವೈಪ್‌ನಿಂದ ಒರೆಸು. ಒಂದು ಬೆಡ್ಡಿನ ಸೋಂಕು ಇನ್ನೊಂದು ಬೆಡ್ಡಿಗೆ ಹೋಗಲು ಅಂಥ ಒಂದು ಗಾಜು ಸಾಕು.

ಮತ್ತೆ, ಬಿಡುವಾದಾಗ ಮಣಿಪಾಲದ ಅನಾಟಮಿ ಮತ್ತು ಪೆಥಾಲಜಿ ಮ್ಯೂಸಿಯಂ ನೋಡಿ ಬಾ. ಎಂಥ 3ಡಿ ಆ್ಯಪ್ ಇದ್ದರೂ ನಿಜವಾದ ಲಿವರಿನ ಗಾತ್ರ, ಸಿರೋಸಿಸ್ ಆದಾಗ ಅದರ ಮೇಲೆ ಏಳುವ ಗಂಟುಗಳು ಕಣ್ಣಾರೆ ಕಂಡಷ್ಟು ಮನಸ್ಸಿನಲ್ಲಿ ಕೂರುವುದಿಲ್ಲ.
ನಿವೃತ್ತ ವೈದ್ಯ ಶಿಕ್ಷಕರು, ಕದ್ರಿ

ಹಂಪನಕಟ್ಟೆಯಲ್ಲಿ ನನ್ನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಮೆಡಿಕಲ್ ಮಕ್ಕಳು ತುಂಬಾ ಜನ ಬರುತ್ತಾರೆ. ಯಾವ ಕಂಪನಿ ಅಂತ ಕೇಳುವ ಮೊದಲು ನಮ್ಮ ಊರಿನ ಹವೆ ನೋಡಬೇಕು ಮಾರಾಯ್ರೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುತ್ತದೆ, ಸಮುದ್ರದ ಗಾಳಿಯಲ್ಲಿ ಉಪ್ಪು ಉಂಟು. ಮಳೆಗಾಲದಲ್ಲಿ ಒದ್ದೆ ಬ್ಯಾಗಿನೊಳಗೆ ಲ್ಯಾಪ್‌ಟಾಪ್ ಮುಚ್ಚಿಟ್ಟು ರಜೆಗೆ ಊರಿಗೆ ಹೋಗುತ್ತಾರೆ. ಬಂದು ಆನ್ ಮಾಡಿದರೆ ಇಲ್ಲ. ಬಿಚ್ಚಿ ನೋಡಿದರೆ ಬೋರ್ಡಿನ ಮೇಲೆ ಹಸಿರು ಕಿಲುಬು, ಹಿಂಜ್‌ನ ಸ್ಕ್ರೂಗೆ ತುಕ್ಕು. ದಿನಾ ಸ್ವಲ್ಪ ಹೊತ್ತು ಆನ್ ಮಾಡಿ ಇಟ್ಟರೆ ಅದರ ಬಿಸಿಗೆ ಒಳಗಿನ ತೇವ ಆರುತ್ತದೆ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನೀರು ಬಿದ್ದರೆ ತಕ್ಷಣ ಆಫ್ ಮಾಡಿ, ಚಾರ್ಜರ್ ತೆಗೆದು, ಬೋರಲು ಇಟ್ಟು ಅಂಗಡಿಗೆ ತನ್ನಿ. ಅಕ್ಕಿ ಡಬ್ಬದಲ್ಲಿ ಇಡುವುದು ಬೇಡ, ಅಕ್ಕಿಯ ಹುಡಿ ಪೋರ್ಟಿನೊಳಗೆ ಹೋಗಿ ಕೆಲಸ ಇನ್ನೂ ಹಾಳು.

ಇನ್ನು ಸಿಡಿಲು. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ಸಂಜೆ ಗುಡುಗು ಶುರುವಾಯಿತು ಅಂದರೆ ಚಾರ್ಜರ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ತೆಗೆಯಬೇಕು. ಇಂಟರ್ನೆಟ್ ಕೇಬಲ್ ಹಾಕಿದ್ದರೆ ಅದನ್ನೂ. ಲೋಹದ ಬಾಡಿ ಮುಟ್ಟಿದಾಗ ಜುಮ್ ಅಂದರೆ ಅರ್ತಿಂಗ್ ಸರಿ ಇಲ್ಲ ಅಂತ ಲೆಕ್ಕ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕುವ ಅಡಾಪ್ಟರ್ ಬಳಸಬೇಡಿ.

ನನ್ನನ್ನು ಕೇಳಿದರೆ ನಿಮ್ಮ ದುಡ್ಡಿನಲ್ಲಿ ಎರಡೂ ಆಗುವ ದಾರಿ ಒಂದು ಉಂಟು. ಪೆನ್ ಇರುವ ಸಾಧಾರಣ ಟ್ಯಾಬ್ ಹೊಸದು ತೆಗೆದುಕೊಳ್ಳಿ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ, ಕಂಪನಿಗಳಲ್ಲಿ ಬಳಸಿ ಬಿಟ್ಟ ಬಿಸಿನೆಸ್ ಮಾಡೆಲ್. ಅವು ಗಟ್ಟಿ, ಪಾರ್ಟ್ಸ್ ಸುಲಭವಾಗಿ ಸಿಗುತ್ತದೆ. ಆದರೆ ನೋಡಿ ತೆಗೆದುಕೊಳ್ಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ವಿಂಡೋಸ್ 11 ಓಡಬೇಕು, ಇಂಟೆಲ್ ಆದರೆ ಎಂಟನೇ ಜನರೇಷನ್‌ಗಿಂತ ಹಳೆಯದ್ದು ಬೇಡ. ಹಾರ್ಡ್ ಡಿಸ್ಕ್ ಇದ್ದರೆ ಬಿಡಿ, ಎಸ್‌ಎಸ್‌ಡಿಯೇ ಇರಲಿ. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ಕಮಾಂಡ್ ಉಂಟು, ಅಂಗಡಿಯವರ ಹತ್ತಿರ ನಿಮ್ಮ ಎದುರಲ್ಲೇ ತೆಗೆಸಿ. ಬ್ಯಾಟರಿ ಡಿಸೈನ್ ಕೆಪ್ಯಾಸಿಟಿಯ (ಹೊಸದಿದ್ದಾಗಿನ ಸಾಮರ್ಥ್ಯದ) ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯಷ್ಟನ್ನು ಲ್ಯಾಪ್‌ಟಾಪಿನ ಬೆಲೆಯಲ್ಲಿ ಕಡಿಮೆ ಮಾಡಲು ಹೇಳಿ. ಎಲ್ಲ ಕೀಲಿಗಳನ್ನೂ ಒತ್ತಿ ನೋಡಿ, ಪರದೆಯನ್ನು ನಿಧಾನವಾಗಿ ತೆರೆದು ಮುಚ್ಚಿ ನೋಡಿ, ಹಿಂಜ್ ಕರಕರ ಅಂದರೆ ಬೇಡ. ಹಳೆಯ ಐಪ್ಯಾಡ್ ಯಾರಾದರೂ ಕೊಡುತ್ತೇನೆ ಅಂದರೆ, ಅವರ ಆ್ಯಪಲ್ ಐಡಿಯನ್ನು ನಿಮ್ಮ ಕಣ್ಣೆದುರು ತೆಗೆದ ಮೇಲೆಯೇ ದುಡ್ಡು ಕೊಡಿ. ಲಾಕ್ ಉಳಿದರೆ ನಮ್ಮಂಥವರಿಗೂ ಅದನ್ನು ತೆಗೆಯಲು ಆಗುವುದಿಲ್ಲ.

ಹೊಸದಾಗಲಿ ಹಳೆಯದಾಗಲಿ ಬಿಲ್ ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಆನ್‌ಲೈನ್‌ನಲ್ಲಿ ತೆಗೆದುಕೊಳ್ಳುವುದಾದರೆ ಆ ಕಂಪನಿಯ ಸರ್ವಿಸ್ ಸೆಂಟರ್ ಮಂಗಳೂರಿನಲ್ಲೇ ಉಂಟಾ ಅಂತ ಮೊದಲು ವಿಚಾರಿಸಿ. ಬೆಂಗಳೂರಿಗೆ ಕಳಿಸಿ ವಾರಗಟ್ಟಲೆ ಕಾಯುವಾಗ ಪರೀಕ್ಷೆ ಬಂದರೆ ಕಷ್ಟ ಅಲ್ವಾ? ತೆಗೆದುಕೊಳ್ಳುವ ಮೊದಲು ಅಣ್ಣನನ್ನು ಕರೆದುಕೊಂಡು ಹಂಪನಕಟ್ಟೆಗೆ ಬನ್ನಿ, ಯಾವ ಅಂಗಡಿಯಲ್ಲಿ ನೋಡಿದ್ದಾದರೂ ಪರವಾಗಿಲ್ಲ, ಒಮ್ಮೆ ಬಿಚ್ಚಿ ನೋಡಿ ಹೇಳುತ್ತೇನೆ. ಅದಕ್ಕೆ ದುಡ್ಡು ಬೇಡ.
ರಿಪೇರಿ ಅಂಗಡಿಯವರು, ಹಂಪನಕಟ್ಟೆ